ಯೆಜ್ಡಿ ರೋಡ್‌ಕಿಂಗ್ ಬೋರಿಂಗ್: ಬಳ್ಳಾರಿ ಬಿಸಿಲಿಗೆ ಪಿಸ್ಟನ್ ಎಷ್ಟು ಲೂಸ್ ಇಡಬೇಕು?

ಕೋಟೆ ರೋಡ್‌ಕಿಂಗ್ (ಬಳ್ಳಾರಿ)

ನಮಸ್ಕಾರ ಎಲ್ಲರಿಗೂ. ನನ್ನದು ಎಂಬತ್ತರ ದಶಕದ ಯೆಜ್ಡಿ ರೋಡ್‌ಕಿಂಗ್, ಟೂ ಸ್ಟ್ರೋಕ್ ಬೈಕ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಹೋದ ತಿಂಗಳು ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಹೋಗುತ್ತಿದ್ದಾಗ ಇಂಜಿನ್ ಜಾಮ್ ಆಯಿತು. ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆದರೆ ಸ್ಟಾರ್ಟ್ ಆಯಿತು. ಆದರೆ ಪಿಕಪ್ ಇಲ್ಲ, ಒಳಗಿಂದ ಟಕಟಕ ಸದ್ದು. ಈಗ ಹೆಡ್, ಬ್ಲಾಕ್ (ಸಿಲಿಂಡರ್) ಎರಡೂ ಬಿಚ್ಚಿದ್ದೇನೆ. ಬೋರಿನಲ್ಲಿ, ಅಂದರೆ ಪಿಸ್ಟನ್ ಓಡಾಡುವ ತೂತಿನಲ್ಲಿ, ಉಗುರಿಗೆ ಸಿಗುವಷ್ಟು ಗೀರು ಬಿದ್ದಿದೆ. ಅದನ್ನು ಕೆರೆದು ದೊಡ್ಡದು ಮಾಡಿಸುವ ಬೋರಿಂಗ್ ತಪ್ಪಿದ್ದಲ್ಲ.

ಊರಲ್ಲಿ ಎರಡು ಕಡೆ ಕೇಳಿದೆ. ಒಬ್ಬರು, "ಬ್ಲಾಕ್ ಬಿಟ್ಟು ಹೋಗಿ, 0.50ಗೆ (ಅರ್ಧ ಎಂಎಂ ದೊಡ್ಡ ಸೈಜಿಗೆ) ಹೊಡೆದಿಡ್ತೀವಿ, ಪಿಸ್ಟನ್ ಆಮೇಲೆ ತನ್ನಿ. ಬಳ್ಳಾರಿ ಬಿಸಿಲು ಅಲ್ವಾ, ಎರಡು ಥೌ ಜಾಸ್ತಿ ಲೂಸ್ ಇಡ್ತೀವಿ" ಅಂದರು. (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ.) ಇನ್ನೊಬ್ಬರು ಪೂರ್ತಿ ಉಲ್ಟಾ. "ಟೈಟಾಗಿ ಕೂರಿಸೋಣ, ಓಡ್ತಾ ಓಡ್ತಾ ಅದೇ ಜಾಗ ಮಾಡ್ಕೊಳ್ಳುತ್ತೆ, ಜಾಸ್ತಿ ವರ್ಷ ಬಾಳಿಕೆ ಬರುತ್ತೆ" ಅಂದರು. ಇಬ್ಬರ ಕೈಯಲ್ಲೂ ಮೂವತ್ತು ವರ್ಷದ ಅನುಭವ. ಯಾರ ಮಾತು ಕೇಳಲಿ?

ಎರಡು ಸೈಲೆನ್ಸರ್ (ಬಳ್ಳಾರಿ)

ಮೊದಲು ಹಳೇ ಪಿಸ್ಟನ್ ಎಸೆಯಬೇಡಿ. ಅದನ್ನು ಕೈಯಲ್ಲಿ ಹಿಡಿದು ಓದಿ. ಗೀರು ಯಾವ ಕಡೆ ಇದೆ? ಸೈಲೆನ್ಸರ್ ಕಡೆಗೋ, ಕಾರ್ಬೊರೇಟರ್ ಕಡೆಗೋ, ಇಲ್ಲ ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ನಿನ ಅಕ್ಕಪಕ್ಕ ನಾಲ್ಕು ಮೂಲೆಗೋ? ಯಾಕೆ ಜಾಮ್ ಆಯಿತು ಅಂತ ಗೊತ್ತಾಗದೆ ಹೊಸ ಪಿಸ್ಟನ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ನಾಲ್ಕು ಮೂಲೆಯಲ್ಲಿ ಹಿಡಿದಿದ್ದರೆ ಪಿಸ್ಟನ್ನಿಗೂ ಬೋರಿಗೂ ನಡುವಿನ ಗ್ಯಾಪ್ ಕಡಿಮೆ ಆಗಿತ್ತು, ಅಥವಾ ತಣ್ಣಗಿರುವ ಇಂಜಿನ್ನನ್ನು ಒಮ್ಮೆಲೇ ಜೋರಾಗಿ ಎಳೆಸಿದ್ದಾರೆ ಅಂತ ಅರ್ಥ. ಸೈಲೆನ್ಸರ್ ಕಡೆ ಮಾತ್ರ ಆಗಿದ್ದರೆ ಮಿಕ್ಸ್ ಲೀನ್ ಆಗಿದೆ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ), ಇಲ್ಲ ಆಯಿಲ್ ಸಾಲದೇ ಬಂದಿದೆ. ಕಾರ್ಬೊರೇಟರ್ ಕಡೆ ಹೊಳಪು ಹೋಗಿ ಮಂಕು ಬೂದಿ ಬಣ್ಣಕ್ಕೆ ಸವೆದಿದ್ದರೆ ಒಳಗೆ ಧೂಳು ಹೋಗಿದೆ.

ಕೋಟೆ ರೋಡ್‌ಕಿಂಗ್ (ಬಳ್ಳಾರಿ)

ನೋಡಿದೆ ಸರ್. ಸೈಲೆನ್ಸರ್ ಕಡೆ ಉದ್ದುದ್ದ ಗೀರು, ಅಲ್ಯೂಮಿನಿಯಂ ಕರಗಿ ರಿಂಗ್ ಮೇಲೆ ಸವರಿದೆ. ಮೇಲಿನ ರಿಂಗ್ ತನ್ನ ಕಾಲುವೆಯಲ್ಲೇ ಅಂಟಿಕೊಂಡಿದೆ, ಅಲ್ಲಾಡುವುದಿಲ್ಲ. ಕಾರ್ಬೊರೇಟರ್ ಕಡೆ ನೀವು ಹೇಳಿದ ಹಾಗೇ ಮಂಕಾಗಿದೆ. ಫಿಲ್ಟರ್ ಡಬ್ಬಿ ತೆಗೆದು ನೋಡಿದರೆ ಒಳಗೆ ಎಲಿಮೆಂಟೇ ಇಲ್ಲ. ಹಿಂದಿನ ಮಾಲೀಕರು "ಪಿಕಪ್ ಚೆನ್ನಾಗಿರುತ್ತೆ" ಅಂತ ಕಿತ್ತು ಎಸೆದಿದ್ದಾರಂತೆ.

ಸಂಡೂರು ಘಾಟಿ

ಹಾಗಾದ್ರೆ ಮುಗೀತು. ನಮ್ಮ ಕಡೆ ಫಿಲ್ಟರ್ ಇಲ್ಲದ ಟೂ ಸ್ಟ್ರೋಕ್ ಅಂದ್ರೆ ಕಬ್ಬಿಣದ ಅದಿರನ್ನೇ ಉಸಿರಾಡುವ ಇಂಜಿನ್. ಟೂ ಸ್ಟ್ರೋಕಿನಲ್ಲಿ ಗಾಳಿ ಮೊದಲು ಕ್ರ್ಯಾಂಕ್ ಕೇಸಿಗೇ ಹೋಗುತ್ತದೆ. ಧೂಳು ಪಿಸ್ಟನ್ ಒಂದನ್ನೇ ತಿನ್ನುವುದಿಲ್ಲ. ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗ್, ಕ್ರ್ಯಾಂಕ್ ಸೀಲ್ ಎಲ್ಲಕ್ಕೂ ಬಡಿಯುತ್ತದೆ. ರಾಡ್ ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ವಾಲಿದರೆ ತೊಂದರೆ ಇಲ್ಲ, ಅದು ಇರಬೇಕಾದದ್ದೇ. ಮೇಲೆ ಕೆಳಗೆ ಟಕ್ ಅಂದರೆ ಮಾತ್ರ ಕ್ರ್ಯಾಂಕ್ ಬಿಚ್ಚಬೇಕು.

ಲೇತ್ ಕಾಕಾ (ರಾಯಚೂರು)

ತಮ್ಮಾ, ಇಬ್ಬರು ಮೇಸ್ತ್ರಿಗಳ ಮಾತನ್ನೂ ಪಕ್ಕಕ್ಕಿಡು. ಮೊದಲು ಲೆಕ್ಕ ಹಾಕೋಣ.

ರೋಡ್‌ಕಿಂಗ್ ಬೋರ್ 65 ಎಂಎಂ, ಸ್ಟ್ರೋಕ್ 75. ಬ್ಲಾಕ್ ಎರಕದ ಕಬ್ಬಿಣ, ಪಿಸ್ಟನ್ ಅಲ್ಯೂಮಿನಿಯಂ. ಒಂದೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. 100 ಡಿಗ್ರಿ ಏರಿದರೆ 65 ಎಂಎಂ ಪಿಸ್ಟನ್ ಸುಮಾರು 0.14 ಎಂಎಂ ದೊಡ್ಡದಾಗುತ್ತದೆ. ಬ್ಲಾಕಿನ ಬೋರ್ ಬರೀ 0.07. ನಾವು ಬಿಡುವ ಗ್ಯಾಪ್ ಇರುವುದೇ ಈ ವ್ಯತ್ಯಾಸ ನುಂಗಿಕೊಳ್ಳಲಿಕ್ಕೆ. ನಿಜವಾಗಿ ಓಡುವಾಗ ಪಿಸ್ಟನ್ ಬ್ಲಾಕಿಗಿಂತ ಇನ್ನೂ ಜಾಸ್ತಿ ಕಾಯುತ್ತದೆ. ಅದಕ್ಕೇ "ಟೈಟಾಗಿ ಕೂರಿಸಿ, ಅದೇ ಜಾಗ ಮಾಡಿಕೊಳ್ಳುತ್ತೆ" ಅನ್ನುವುದು ಅಪಾಯದ ಮಾತು. ಅದು ಜಾಗ ಮಾಡಿಕೊಳ್ಳುವುದೇ ಬೋರನ್ನು ಕೆರೆದು.

ಇನ್ನು ಬಿಸಿಲಿನ ವಿಷಯ. ಚಳಿಗಾಲದ ಬಳ್ಳಾರಿಗೂ ಮೇ ತಿಂಗಳ ಬಳ್ಳಾರಿಗೂ 10-15 ಡಿಗ್ರಿ ಫರಕು ಅಂತ ಇಟ್ಟುಕೋ. ಇಂಜಿನ್ ಪೂರ್ತಿ ಅಷ್ಟೇ ಜಾಸ್ತಿ ಕಾಯಿತು ಅಂದರೂ ಪಿಸ್ಟನ್ನಿಗೂ ಬೋರಿಗೂ ನಡುವಿನ ಗ್ಯಾಪ್ ಕಡಿಮೆ ಆಗುವುದು 0.01 ಎಂಎಂ ಒಳಗೆ. ಅರ್ಧ ಥೌ ಕೂಡ ಇಲ್ಲ. ಅದಕ್ಕೆ ಎರಡು ಥೌ ಲೂಸ್ ಯಾಕೆ ಬೇಕು? ಸುಮ್ನೆ ಸದ್ದು ಮಾಡಿಕೊಂಡು ಓಡಾಡುತ್ತದೆ. ಪಿಸ್ಟನ್ ಬೋರಿನೊಳಗೆ ವಾಲಾಡಿದರೆ ರಿಂಗಿನ ಅಂಚು ಬೇಗ ದುಂಡಗಾಗುತ್ತದೆ, ಕಂಪ್ರೆಷನ್ ಹೋಗುತ್ತದೆ.

ಬಿಸಿಲು ಕೆಲಸ ಕೆಡಿಸುವುದು ಅಳೆಯುವ ಜಾಗದಲ್ಲಿ. ಅಂಗಡಿ ಮುಂದೆ ಬಿಸಿಲಿಗೆ ಬ್ಲಾಕ್ ಇಟ್ಟಿರುತ್ತಾರೆ. ಪಿಸ್ಟನ್ ಒಳಗೆ ನೆರಳಲ್ಲಿ, ಡಬ್ಬಿಯಲ್ಲಿ. ಬ್ಲಾಕ್ 60 ಡಿಗ್ರಿ, ಪಿಸ್ಟನ್ 35. ಆ 25 ಡಿಗ್ರಿಗೆ 65 ಎಂಎಂ ಬೋರ್ ಸುಮಾರು 0.018 ಎಂಎಂ ದೊಡ್ಡದಾಗಿ ತೋರಿಸುತ್ತದೆ. ಅಳೆದಾಗ ಸರಿ ಬಂತು ಅಂತ ಬಿಟ್ಟರೆ, ರಾತ್ರಿ ತಣ್ಣಗಾದ ಮೇಲೆ ಅದೇ ಬೋರ್ ಮುಕ್ಕಾಲು ಥೌ ಟೈಟ್. ಹೋನಿಂಗ್, ಅಂದರೆ ಬೋರನ್ನು ಕಲ್ಲಿನಿಂದ ಉಜ್ಜಿ ಮುಗಿಸುವ ಕೆಲಸ ಮಾಡುವಾಗಲೂ ಕಲ್ಲಿನ ತಿಕ್ಕಾಟಕ್ಕೆ ಬ್ಲಾಕ್ ಕೈಗೆ ಬಿಸಿ ಹತ್ತುತ್ತದೆ. ಆಗಲೂ ಅದೇ ಕಥೆ. ಒಳ್ಳೆಯ ಕೆಲಸಗಾರ ಕೊನೆಯ ಅಳತೆಗೆ ಮುಂಚೆ ಬ್ಲಾಕ್ ತಣ್ಣಗಾಗಲಿಕ್ಕೆ ಬಿಡುತ್ತಾನೆ, ಚಹಾ ಕುಡಿದು ಬರುತ್ತಾನೆ. ಪಿಸ್ಟನ್ನೂ ಪಕ್ಕದಲ್ಲೇ ಇಟ್ಟಿರುತ್ತಾನೆ. ಪಿಸ್ಟನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದು ಅಳೆದರೆ ಮೈ ಬಿಸಿಗೂ ಅದು ಸ್ವಲ್ಪ ಹಿಗ್ಗುತ್ತದೆ.

ಗ್ಯಾಪ್ ಎಷ್ಟು? ಪಿಸ್ಟನ್ ಮಾಡಿದವರು ಡಬ್ಬಿ ಮೇಲೆ ಬರೆದಿದ್ದರೆ ಅದೇ ಕೊನೆ ಮಾತು. ಬರೆದಿಲ್ಲ ಅಂದರೆ, ಎರಕದ ಪಿಸ್ಟನ್ನು, ಗಾಳಿಯಿಂದ ತಣ್ಣಗಾಗುವ ಕಬ್ಬಿಣದ ಬ್ಲಾಕು, ಟೂ ಸ್ಟ್ರೋಕು: ಬೋರಿನ ಪ್ರತಿ ಇಂಚಿಗೆ ಒಂದು ಥೌ, ಅದರ ಮೇಲೆ ಅರ್ಧ ಥೌ ಇಂದ ಒಂದು ಥೌ. 65 ಎಂಎಂ ಅಂದರೆ ಎರಡೂವರೆ ಇಂಚು. ಮೂರು, ಮೂರೂವರೆ ಥೌ. ಎಂಎಂ ಲೆಕ್ಕದಲ್ಲಿ 0.08 ಆಸುಪಾಸು. ಚಳಿಗಾಲಕ್ಕೂ ಅದೇ, ಬೇಸಿಗೆಗೂ ಅದೇ.

ಎರಡು ಸೈಲೆನ್ಸರ್ (ಬಳ್ಳಾರಿ)

ಕಾಕಾ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪಿಸ್ಟನ್ ಕೈಗೆ ಬರದೇ ಬೋರಿಂಗ್ ಮಾಡಿಸಲೇಬೇಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಈಗ ಸಿಗುವುದು ಒಂದೋ ಹಳೇ ಸ್ಟಾಕ್, ಇಲ್ಲ ಬೇರೆ ಯಾರೋ ಎರಕ ಹೊಯ್ದದ್ದು. ತಲೆ ಮೇಲೆ 0.50 ಅಂತ ಹೊಡೆದಿರುತ್ತದೆ. ಅಳೆದರೆ ಒಂದೊಂದು ಒಂದೊಂದು ಸೈಜು. ಕೆಲವರು ಗ್ಯಾಪ್ ಕಳೆದು ಪಿಸ್ಟನ್ ಮಾಡಿರುತ್ತಾರೆ, ಕೆಲವರು ಅದಕ್ಕಿಂತ ಜಾಸ್ತಿ ಕಳೆದಿರುತ್ತಾರೆ. ಬ್ಲಾಕನ್ನು ಪಿಸ್ಟನ್ನಿಗೆ ಸರಿಯಾಗಿ ಹೊಡೆಯಬೇಕು, ಡಬ್ಬಿ ಮೇಲಿನ ನಂಬರಿಗೆ ಹೊಡೆಯಬಾರದು.

ಎಲ್ಲಿ ಅಳೆಯಬೇಕು ಅನ್ನುವುದೂ ಮುಖ್ಯ. ಪಿಸ್ಟನ್ ನೋಡಲಿಕ್ಕೆ ಸಿಲಿಂಡರ್ ಥರ ಇದ್ದರೂ ಅದು ಪೂರ್ತಿ ದುಂಡಗೂ ಇಲ್ಲ, ನೆಟ್ಟಗೂ ಇಲ್ಲ. ಬೆಂಕಿ ಹತ್ತುವ ತಲೆ ಕಡೆ ಸಣ್ಣ, ಕೆಳಗಿನ ಸ್ಕರ್ಟ್ ಕಡೆ ದಪ್ಪ. ಪಿನ್ ಇರುವ ದಿಕ್ಕಿಗೆ ಕಿರಿದು, ಅದಕ್ಕೆ ಅಡ್ಡ ದಿಕ್ಕಿಗೆ ಅಗಲ. ಆದ್ದರಿಂದ ಪಿನ್ನಿಗೆ ಅಡ್ಡವಾಗಿ, ಸ್ಕರ್ಟಿನ ಕೆಳ ಅಂಚಿನಿಂದ ಒಂದು ಬೆರಳು ಮೇಲೆ ಮೈಕ್ರೋಮೀಟರ್ ಹಿಡಿಯಬೇಕು. ಪಿಸ್ಟನ್ ತಲೆ ಮೇಲೆ ವರ್ನಿಯರ್ ಹಿಡಿದು "ಬೇಕಾದಷ್ಟು ಗ್ಯಾಪ್ ಇದೆ ಸಾರ್" ಅನ್ನುವವರನ್ನು ನೋಡಿದ್ದೇನೆ. ಅಲ್ಲಿಂದ ಬ್ಲಾಕ್ ಎತ್ತಿಕೊಂಡು ಬನ್ನಿ.

ಹೊಸಬ ಕೊಪ್ಪಳ

ಬೋರ್ ಗೇಜ್ ಇಲ್ಲದವರು ಏನು ಮಾಡಬೇಕು? ನಮ್ಮ ಕಡೆ ಗಿಣಿಗೇರಿ ಫ್ಯಾಕ್ಟರಿಗಳಲ್ಲಿ ಇರುತ್ತದೆ, ಆದರೆ ಬೈಕ್ ಬ್ಲಾಕಿಗೆ ಯಾರು ಕೊಡುತ್ತಾರೆ?

ಲೇತ್ ಕಾಕಾ (ರಾಯಚೂರು)

ಹಳೇ ರಿಂಗ್ ಇದೆಯಲ್ಲ, ಅದೇ ಗೇಜು.

ಹಳೇ ರಿಂಗನ್ನು ಬೋರಿನೊಳಗೆ ಇಡು. ಪಿಸ್ಟನ್ ತಲೆಕೆಳಗು ಮಾಡಿ ಅದರಿಂದ ತಳ್ಳಿದರೆ ರಿಂಗ್ ಸೊಟ್ಟ ಆಗದೆ ಸಮ ಕೂರುತ್ತದೆ. ಮೊದಲು ಬೋರಿನ ತೀರಾ ಕೆಳಗೆ, ಸವೆಯದ ಜಾಗದಲ್ಲಿ ಇಟ್ಟು ರಿಂಗಿನ ಎರಡು ತುದಿ ನಡುವಿನ ಸಂದಿಯನ್ನು ಫೀಲರ್ ಗೇಜಿನಿಂದ ಅಳೆ. ಆಮೇಲೆ ಮೇಲೆ, ರಿಂಗ್ ತಿರುಗಿ ಬರುವ ಜಾಗದಲ್ಲಿ ಇಟ್ಟು ಅಳೆ. ಪೋರ್ಟ್ (ಗಾಳಿ, ಹೊಗೆ ಹೋಗುವ ಗೋಡೆಯ ಕಿಂಡಿ) ಇರುವ ಕಡೆ ಮಾತ್ರ ಬೇಡ, ಅಲ್ಲಿ ರಿಂಗಿಗೆ ಆಸರೆ ಇಲ್ಲ. ಎರಡು ಅಳತೆಯ ವ್ಯತ್ಯಾಸವನ್ನು 3.14ರಿಂದ ಭಾಗಿಸು. ಅಷ್ಟು ಬೋರ್ ಸವೆದಿದೆ. ಸುತ್ತಳತೆ ಜಾಸ್ತಿ ಆದಷ್ಟೂ ಸಂದಿ ಬಾಯಿ ಬಿಡುತ್ತದೆ, ಅಷ್ಟೇ ಲೆಕ್ಕ. ಬೋರ್ ಗೇಜಿನಷ್ಟು ನಿಖರ ಇಲ್ಲ. ಯಾವ ಕಡೆಗೆ ಸವೆದಿದೆ ಅಂತಲೂ ಇದು ಹೇಳುವುದಿಲ್ಲ. ಆದರೆ 0.25 ಸಾಕೋ, 0.50 ಬೇಕೋ ಅಂತ ತೀರ್ಮಾನ ಮಾಡಲಿಕ್ಕೆ ಇದು ಧಾರಾಳ ಆಯಿತು.

ಕೋಟೆ ರೋಡ್‌ಕಿಂಗ್ (ಬಳ್ಳಾರಿ)

ಕಾಕಾ, ಕೆಳಗಿನ ರಿಂಗ್ ತೆಗೆದು ಈಗಲೇ ಮಾಡಿ ನೋಡಿದೆ. ಕೆಳಗೆ ಸಂದಿ 0.60 ಎಂಎಂ. ಮೇಲೆ 1.05. ವ್ಯತ್ಯಾಸ 0.45. ಭಾಗಿಸಿದರೆ 0.14 ಎಂಎಂ ಸವೆತ. ಸರಿ ತಾನೆ? ಹಾಗಾದರೆ 0.25 ಪಿಸ್ಟನ್ ಸಾಕಾಗಬಹುದಾ? ಆಮೇಲೆ ಮುಂದಿನ ಸಲಕ್ಕೆ 0.50 ಉಳಿಯುತ್ತದೆ ಅಂತ ಆಸೆ.

ಲೇತ್ ಕಾಕಾ (ರಾಯಚೂರು)

ಆಸೆ ಒಳ್ಳೆಯದೇ. ಆದರೆ 0.25 ಅಂದರೆ ಒಂದೊಂದು ಕಡೆ ಗೋಡೆಯಿಂದ 0.125 ಮಾತ್ರ ತೆಗೆಯುವುದು. ಸವೆತ ಸುತ್ತಲೂ ಸಮ ಇರುವುದಿಲ್ಲ. ಮುಂದೆ ಹಿಂದೆ ಜಾಸ್ತಿ ಇರುತ್ತದೆ. ಅದರ ಮೇಲೆ ನಿನ್ನ ಗೀರು ಬೇರೆ ಉಗುರಿಗೆ ಸಿಗುತ್ತಿದೆ. 0.25ಗೆ ಹೊಡೆದರೆ ಗೀರಿನ ತಳ ಉಳಿದೇ ಉಳಿಯುತ್ತದೆ. 0.50ಗೇ ಹೋಗು. 0.75, 1.00 ಇನ್ನೂ ಕೈಯಲ್ಲಿವೆ. ಯಾರಾದರೂ "ಸೀದಾ 1.00ಗೆ ಹೊಡೆಯೋಣ, ಪವರ್ ಬರುತ್ತೆ" ಅಂದರೆ ಕೈ ಮುಗಿದು ಬಾ. 65 ಇದ್ದದ್ದು 66 ಆದರೆ 248 ಸಿಸಿಗೆ ಏಳೆಂಟು ಸಿಸಿ ಸೇರುತ್ತದೆ, ಅಷ್ಟೇ.

ಗಂಗಾವತಿ ಬುಲೆಟ್

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ನನ್ನದು ಹಳೇ ಕಬ್ಬಿಣದ ಬ್ಲಾಕಿನ ಬುಲೆಟ್ 350. ನೀಲಿ ಹೊಗೆ ಬರುತ್ತಿದೆ. ರಿಂಗ್ ಸೆಟ್ ಒಂದೇ ಬದಲಾಯಿಸಿದರೆ ಸಾಕಾ, ಬೋರಿಂಗೂ ಬೇಕಾ? ಅಂಗಡಿಯವರು ರಿಂಗ್ ಹಾಕಿ ಕೊಡ್ತೀನಿ ಅಂತಾರೆ.

ಎರಡು ಸೈಲೆನ್ಸರ್ (ಬಳ್ಳಾರಿ)

ಬುಲೆಟ್ ಸಾಹೇಬ್ರೇ, ಸ್ವಲ್ಪ ತಡೆಯಿರಿ. ರೋಡ್‌ಕಿಂಗ್ ಮುಗಿಸಿ ನಿಮ್ಮ ಕಡೆ ಬರುತ್ತೇವೆ.

ಕೋಟೆ ಅವರೇ, ಬ್ಲಾಕ್ ಬೋರಿಂಗಿಂದ ವಾಪಸ್ ಬಂದ ಕೂಡಲೇ ಪೋರ್ಟುಗಳ ಅಂಚಿಗೆ ಬೆರಳು ಆಡಿಸಿ ನೋಡಿ. ಇದು ಟೂ ಸ್ಟ್ರೋಕಿಗೆ ಮಾತ್ರ ಬರುವ ಕೆಲಸ. ಫೋರ್ ಸ್ಟ್ರೋಕ್ ಮಾಡಿ ಅಭ್ಯಾಸ ಇರುವವರು ಇದನ್ನು ಬಿಟ್ಟೇ ಬಿಡುತ್ತಾರೆ. ಬೋರಿಂಗ್ ಟೂಲ್ ಹೋದ ಮೇಲೆ ಎಕ್ಸಾಸ್ಟ್, ಇನ್‌ಲೆಟ್, ಟ್ರಾನ್ಸ್‌ಫರ್ ಪೋರ್ಟಿನ ಅಂಚೆಲ್ಲ ಬ್ಲೇಡ್ ಆಗಿರುತ್ತದೆ. ರಿಂಗ್ ಪ್ರತಿ ಸುತ್ತಿಗೂ ಎರಡು ಸಲ ಆ ಅಂಚನ್ನು ದಾಟಬೇಕು. ಪೋರ್ಟ್ ಎದುರು ಬಂದಾಗ ರಿಂಗ್ ಕೂದಲೆಳೆಯಷ್ಟು ಹೊರಗೆ ಉಬ್ಬುತ್ತದೆ. ಅಂಚು ಚೂಪಾಗಿದ್ದರೆ ಕಚ್ಚಿಕೊಳ್ಳುತ್ತದೆ. ಎರಕದ ಕಬ್ಬಿಣದ ರಿಂಗು ಬಳೆ ಥರ ಪಟ್ ಅಂತ ಮುರಿಯುತ್ತದೆ. ಮುರಿದ ತುಂಡು ಹೊಸ ಬೋರನ್ನು ಉಳಿಸುವುದಿಲ್ಲ.

ಮಾಡಬೇಕಾದದ್ದು ಇಷ್ಟೇ. ಸಣ್ಣ ಅರ ಅಥವಾ ಎಣ್ಣೆ ಕಲ್ಲು ತೆಗೆದುಕೊಂಡು ಪ್ರತಿ ಪೋರ್ಟಿನ ಮೇಲಿನ ಅಂಚು, ಕೆಳಗಿನ ಅಂಚು ಎರಡಕ್ಕೂ ಸಣ್ಣ ಚೇಂಫರ್ (ಇಳಿಜಾರು) ಕೊಡಿ. ಅರ್ಧ ಎಂಎಂ ಸಾಕು. ಅರ ಜಾರಿ ಬೋರಿನ ಗೋಡೆಗೆ ತಾಗಬಾರದು. ಹೋನಿಂಗಿಗೆ ಮುಂಚೆಯೇ ಇದನ್ನು ಮಾಡಿಸಿದರೆ ಬೆಸ್ಟ್. ಉಳಿದ ಸಣ್ಣ ಮುಳ್ಳುಗಳು ಹೋನಿಂಗಿನಲ್ಲಿ ಹೋಗುತ್ತವೆ.

ಹೋನಿಂಗ್ ಮುಗಿದ ಬೋರಿನಲ್ಲಿ ಅಡ್ಡಡ್ಡ ಗೆರೆಗಳು ಒಂದನ್ನೊಂದು ಕತ್ತರಿಸಬೇಕು. ಕನ್ನಡಿ ಥರ ಹೊಳೆಯುತ್ತಿದ್ದರೆ ವಾಪಸ್ ಕೊಡಿ. ಆ ಗೆರೆಗಳಲ್ಲಿ ಆಯಿಲ್ ನಿಲ್ಲುತ್ತದೆ, ಅದೇ ಗೆರೆಗಳ ಮೇಲೆ ರಿಂಗ್ ಉಜ್ಜಿಕೊಂಡು ಕೂರುತ್ತದೆ.

ಸಂಡೂರು ಘಾಟಿ

ತೊಳೆಯುವುದು ಮರೀಬೇಡಿ. ಪೆಟ್ರೋಲಿನಲ್ಲಿ ತೊಳೆದರೆ ಎಣ್ಣೆ ಹೋಗುತ್ತದೆ, ಕಲ್ಲಿನ ಪುಡಿ ಗೆರೆಯೊಳಗೇ ಕೂತಿರುತ್ತದೆ. ಬಿಸಿ ನೀರು, ಸೋಪಿನ ಪುಡಿ, ಗಟ್ಟಿ ಬ್ರಷ್. ಪಾತ್ರೆ ತಿಕ್ಕುವ ಹಾಗೆ ತಿಕ್ಕಿ. ಒಣಗಿದ ಕೂಡಲೇ ಎಣ್ಣೆ ಸವರಿ, ಇಲ್ಲಾಂದ್ರೆ ನೋಡನೋಡ್ತಾ ತುಕ್ಕು ಹಿಡಿಯುತ್ತದೆ. ಬಿಳಿ ಬಟ್ಟೆಗೆ ಎಣ್ಣೆ ಹಚ್ಚಿ ಬೋರಿನಲ್ಲಿ ಒರೆಸಿ. ಬಟ್ಟೆ ಬೂದಿ ಬಣ್ಣ ಆದರೆ ಇನ್ನೊಮ್ಮೆ ತೊಳೆಯಿರಿ.

ಕೋಟೆ ರೋಡ್‌ಕಿಂಗ್ (ಬಳ್ಳಾರಿ)

ಪಿಸ್ಟನ್ ಬಂತು. ತಲೆ ಮೇಲೆ 0.50. ಕಾಲೇಜಿನ ವರ್ಕ್‌ಶಾಪಿನಲ್ಲಿ ಪರಿಚಯದವರೊಬ್ಬರು ಮೈಕ್ರೋಮೀಟರಿನಲ್ಲಿ ಅಳೆದು ಕೊಟ್ಟರು. ಸ್ಕರ್ಟ್ 65.37. ಅಂಗಡಿಯವರು ಹೇಳಿದಂತೆ ಸುಮ್ನೆ 65.50ಗೆ ಹೊಡೆಸಿದ್ದರೆ 0.13 ಗ್ಯಾಪ್ ಆಗುತ್ತಿತ್ತು, ಐದು ಥೌ! ಕಾಕಾ ಲೆಕ್ಕದಂತೆ 65.37ಕ್ಕೆ 0.08 ಸೇರಿಸಿ 65.45ಗೆ ಹೊಡೆಸಿ ಅಂತ ಚೀಟಿ ಬರೆದು, ಪಿಸ್ಟನ್ ಸಮೇತ ಬೇರೊಂದು ಕಡೆ ಕೊಟ್ಟಿದ್ದೇನೆ.

ಅಷ್ಟರಲ್ಲಿ ಹೊಸ ರಿಂಗ್ ಬಗ್ಗೆ ಕೇಳಿಬಿಡ್ತೀನಿ. ಸಂದಿ ಎಷ್ಟಿರಬೇಕು?

ಲೇತ್ ಕಾಕಾ (ರಾಯಚೂರು)

ಬೋರಿನ ಪ್ರತಿ ಇಂಚಿಗೆ ನಾಲ್ಕು ಥೌ. ನಿನ್ನದಕ್ಕೆ ಹತ್ತು ಥೌ, ಅಂದರೆ 0.25 ಎಂಎಂ. 0.35ವರೆಗೂ ಚಿಂತೆ ಇಲ್ಲ. ಜಾಸ್ತಿ ಇದ್ದರೆ ಸ್ವಲ್ಪ ಕಂಪ್ರೆಷನ್ ಸೋರುತ್ತದೆ, ಅಷ್ಟೇ. ಕಡಿಮೆ ಇದ್ದರೆ ಅದು ಬೇರೆಯೇ ಕಥೆ. ಕಾದಾಗ ಎರಡು ತುದಿ ಒಂದಕ್ಕೊಂದು ಗುದ್ದಿಕೊಳ್ಳುತ್ತವೆ. ರಿಂಗಿಗೆ ಹಿಗ್ಗಲಿಕ್ಕೆ ಬೇರೆ ಜಾಗ ಇಲ್ಲ. ಬೋರನ್ನೇ ಒತ್ತಿ ಕೆರೆಯುತ್ತದೆ, ಇಲ್ಲ ಮುರಿಯುತ್ತದೆ.

ಪ್ಯಾಕೆಟ್ಟಿಂದ ತೆಗೆದು ನೇರ ಹಾಕಬೇಡ. ಪ್ರತಿ ರಿಂಗನ್ನೂ ಹೊಸ ಬೋರಿನಲ್ಲಿಟ್ಟು ಅಳೆ. ಕಡಿಮೆ ಬಂದರೆ ಸಣ್ಣ ಅರದಿಂದ ತುದಿ ತೆಗೆ. ಹೊರಗಿನ ಅಂಚಿಂದ ಒಳಗಿನ ಕಡೆಗೆ, ಒಂದೇ ದಿಕ್ಕಿಗೆ. ಹಿಂದೆ ಮುಂದೆ ಎಳೆದಾಡಿದರೆ ಅಂಚು ಚಿಪ್ಪೇಳುತ್ತದೆ. ನಿನ್ನ ಬೈಕಿನಲ್ಲಿ ಇನ್ನೊಂದು ಇದೆ. ಟೂ ಸ್ಟ್ರೋಕ್ ಆದ್ದರಿಂದ ಗಾಡಿಯಲ್ಲಿ ರಿಂಗ್ ತಿರುಗದಂತೆ ಸಣ್ಣ ಪಿನ್ ಇರುತ್ತದೆ. ರಿಂಗಿನ ತುದಿಯಲ್ಲಿ ಆ ಪಿನ್ ಕೂರಲಿಕ್ಕೆ ಕಚ್ಚು ಕೊಟ್ಟಿರುತ್ತಾರೆ. ತುದಿ ಅರೆದ ಮೇಲೆ ರಿಂಗನ್ನು ಪಿಸ್ಟನ್ ಮೇಲೆ ಹಾಕಿ, ಬೆರಳಿಂದ ಪೂರ್ತಿ ಒತ್ತಿ ನೋಡು. ಕಚ್ಚು ಪಿನ್ನಿಗೆ ಗುದ್ದದೆ ರಿಂಗ್ ಗಾಡಿಯೊಳಗೆ ಮುಳುಗಬೇಕು. ಬೋರಿನಲ್ಲಿ ಸಂದಿ ಸರಿ ಇದ್ದು ಪಿನ್ನಿಗೆ ಗುದ್ದುತ್ತಿದ್ದರೆ ಎಲ್ಲ ವ್ಯರ್ಥ.

ಹೊಸಬ ಕೊಪ್ಪಳ

ಗಾಡಿ ಅಂದ್ರೆ ಯಾವ ಗಾಡಿ ಕಾಕಾ? ಬೈಕೇ?

ಲೇತ್ ಕಾಕಾ (ರಾಯಚೂರು)

ಪಿಸ್ಟನ್ ಸುತ್ತ ರಿಂಗ್ ಕೂರುವ ಕಾಲುವೆ ಇದೆಯಲ್ಲ, ಅದು ಮಾರಾಯ. ನಮ್ಮ ಲೇತಿನಲ್ಲಿ ಹಾಗೇ ಅನ್ನುತ್ತೇವೆ.

ಕೋಟೆ ರೋಡ್‌ಕಿಂಗ್ (ಬಳ್ಳಾರಿ)

ಬ್ಲಾಕ್ ಬಂತು. ನೆರಳಲ್ಲಿ ರಾತ್ರಿ ಇಟ್ಟು, ಬೆಳಿಗ್ಗೆ ಅದೇ ಪರಿಚಯದವರ ಬೋರ್ ಗೇಜಿನಲ್ಲಿ ಅಳೆಸಿದೆ. ಮೇಲೆ 65.45, ನಡುವೆ 65.45, ಕೆಳಗೆ 65.43. ಮುಂದೆ-ಹಿಂದೆ, ಅಡ್ಡ ಎರಡೂ ದಿಕ್ಕಿಗೆ ಹೆಚ್ಚುಕಡಿಮೆ ಅಷ್ಟೇ. ಕೆಳಗಿನ ಆ 0.02 ಬಿಟ್ಟುಬಿಡಲಾ?

ಲೇತ್ ಕಾಕಾ (ರಾಯಚೂರು)

ಬಿಡಬೇಡ. ಪಿಸ್ಟನ್ನಿನ ದಪ್ಪ ಜಾಗ ಸ್ಕರ್ಟ್. ಅದು ಓಡಾಡುವುದೇ ಬೋರಿನ ಕೆಳಗೆ. ಅಲ್ಲೇ ಟೈಟ್ ಇದ್ದರೆ ಹೇಗೆ? ಹೋನಿಂಗ್ ಕಲ್ಲು ಕೆಳಗಿನವರೆಗೆ ಪೂರ್ತಿ ಹೊರಗೆ ಬಂದಿಲ್ಲ, ಅದಕ್ಕೇ ಹಾಗಾಗಿದೆ. ವಾಪಸ್ ಕೊಡು, ಕೆಳಗಿನ ಭಾಗಕ್ಕೆ ನಾಲ್ಕಾರು ಎಳೆತ ಜಾಸ್ತಿ ಕೊಡಿಸು. ಐದು ನಿಮಿಷದ ಕೆಲಸ. ಜಗಳ ಮಾಡಬೇಡ, ಅಳತೆ ತೋರಿಸು, ಮಾಡಿಕೊಡುತ್ತಾರೆ.

ಎರಡು ಸೈಲೆನ್ಸರ್ (ಬಳ್ಳಾರಿ)

ಜೋಡಿಸುವ ಮುಂಚೆ ಓದಿಕೊಳ್ಳಿ.

ಕ್ರ್ಯಾಂಕ್ ಕೇಸಿನ ಬಾಯಿಗೆ ಶುಚಿಯಾದ ಬಟ್ಟೆ ತುರುಕಿ. ಪಿನ್ ಜಾರದಂತೆ ಹಿಡಿಯುವ ಲಾಕ್ ಸಿಡಿದು ಒಳಗೆ ಬಿದ್ದರೆ ಇಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ. ಪಿಸ್ಟನ್ನನ್ನು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆದು ಒರೆಸಿ. ಬಿಸಿಗೆ ಪಿನ್ನಿನ ತೂತು ಹಿಗ್ಗಿರುತ್ತದೆ. ಎಣ್ಣೆ ಹಚ್ಚಿದ ಪಿನ್ ಹೆಬ್ಬೆಟ್ಟಿನಿಂದಲೇ ಜಾರಿಕೊಂಡು ಹೋಗುತ್ತದೆ. ಸುತ್ತಿಗೆಯಿಂದ ಹೊಡೆಯಬಾರದು. ರಾಡ್ ಬಾಗಿದರೆ ಪಿಸ್ಟನ್ ಬೋರಿನಲ್ಲಿ ಸೊಟ್ಟ ಓಡುತ್ತದೆ, ಇಷ್ಟು ಅಳೆದದ್ದೆಲ್ಲ ನೀರಲ್ಲಿ ಹೋಮ. ತಲೆ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗೆ. ಲಾಕ್ ಎರಡೂ ಹೊಸದೇ ಹಾಕಿ. ಅದರ ಬಾಯಿ ನೇರ ಮೇಲೆ ಅಥವಾ ನೇರ ಕೆಳಗೆ ಇರಲಿ. ಕೂತ ಮೇಲೆ ಸ್ಕ್ರೂಡ್ರೈವರ್ ತುದಿಯಿಂದ ತಿರುಗಿಸಿ, ಕಚ್ಚಿನಲ್ಲಿ ಪೂರ್ತಿ ಕೂತಿದೆಯಾ ನೋಡಿ.

ಬ್ಲಾಕ್ ಇಳಿಸುವಾಗ ಪಿಸ್ಟನ್ ಕೆಳಗೆ ಎರಡು ಮರದ ಪಟ್ಟಿ ಅಡ್ಡ ಇಡಿ, ಪಿಸ್ಟನ್ ಅಲ್ಲಾಡದೆ ನಿಲ್ಲುತ್ತದೆ. ಆಮೇಲೆ ಬಟ್ಟೆ ತೆಗೆಯುವುದು ಮರೀಬೇಡಿ. ಬೋರಿಗೆ, ರಿಂಗಿಗೆ, ಸ್ಕರ್ಟಿಗೆ 2ಟಿ (ಟೂ ಸ್ಟ್ರೋಕ್) ಆಯಿಲ್ ಸವರಿ. ಪ್ರತಿ ರಿಂಗಿನ ಬಾಯಿ ಅದರ ಪಿನ್ನಿನ ಮೇಲೆ ಕೂತಿದೆಯಾ ನೋಡಿ. ಬೆರಳಿಂದ ಒತ್ತಿ ಹಿಡಿದು ಬ್ಲಾಕನ್ನು ನೇರ ಕೆಳಗೆ ಬಿಡಿ. ಕೆಳ ಅಂಚಿಗೆ ಇಳಿಜಾರು ಕೊಟ್ಟಿರುವುದರಿಂದ ರಿಂಗ್ ತಾನೇ ಒಳಗೆ ಹೋಗುತ್ತದೆ. ಹೋಗಲಿಲ್ಲ ಅಂದರೆ ನಿಲ್ಲಿಸಿ, ಮೇಲೆತ್ತಿ, ಮತ್ತೆ ನೋಡಿ. ಬ್ಲಾಕನ್ನು ಎಡಕ್ಕೆ ಬಲಕ್ಕೆ ತಿರುಚಿದರೆ ರಿಂಗಿನ ತುದಿ ಪಿನ್ ಮೇಲೆ ಹತ್ತಿ ಮುರಿಯುತ್ತದೆ.

ಹೆಡ್ ಬೋಲ್ಟ್ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಮ್ಮೆ ಕಾದು ತಣ್ಣಗಾದ ಮೇಲೆ ಇನ್ನೊಮ್ಮೆ.

ಸಂಡೂರು ಘಾಟಿ

ಎಲ್ಲದಕ್ಕೂ ಮುಂಚೆ ಫಿಲ್ಟರ್! ಒರಿಜಿನಲ್ ಸಿಗದಿದ್ದರೆ ಫಿಲ್ಟರ್ ಫೋಮ್ ಕತ್ತರಿಸಿ, ಎಣ್ಣೆಯಲ್ಲಿ ಅದ್ದಿ ಹಿಂಡಿ ಹಾಕಿ. ಡಬ್ಬಿಯಿಂದ ಕಾರ್ಬೊರೇಟರಿಗೆ ಹೋಗುವ ರಬ್ಬರ್ ಸೀಳಿದ್ದರೆ ಅದೂ ಹೊಸದು. ಕ್ರ್ಯಾಂಕಿನ ಎರಡೂ ಕಡೆ ಆಯಿಲ್ ಸೀಲ್ ಕೂಡ. ಮ್ಯಾಗ್ನೆಟ್ ಕಡೆ ಸೀಲ್ ಸೋರಿದರೆ ಅಲ್ಲಿಂದ ಗಾಳಿ ಎಳೆದು ಮಿಕ್ಸ್ ಲೀನ್ ಆಗುತ್ತದೆ. ನಿಮ್ಮ ಸೈಲೆನ್ಸರ್ ಕಡೆಯ ಗೀರಿಗೆ ಅದೂ ಒಂದು ಕಾರಣ ಇರಬಹುದು. ಈಗಿನ ಇ20 (20% ಎಥೆನಾಲ್ ಬೆರೆತ) ಪೆಟ್ರೋಲ್ ಬೇರೆ ಮಿಕ್ಸನ್ನು ಲೀನ್ ಮಾಡುತ್ತದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ, ಪ್ಲಗ್ ಬಣ್ಣ ನೋಡಿಕೊಳ್ಳಿ.

ಪೆಟ್ರೋಲಿಗೆ ಬೆರೆಸುವ ಆಯಿಲ್ ಮೊದಲಿಗೆ ಲೀಟರಿಗೆ 50 ಎಂಎಲ್, ಆಮೇಲೆ 40. ಸಂಡೂರು ಕಡೆ ಬಂದರೆ ಒಂದು ಮಾತು. ಘಾಟಿ ಇಳಿಯುವಾಗ ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉರುಳಿಸಬೇಡಿ. ಪೆಟ್ರೋಲ್ ಬರದಿದ್ದರೆ ಆಯಿಲೂ ಬರುವುದಿಲ್ಲ. ಹೊಸ ಪಿಸ್ಟನ್ ಒಣಗಿ ಓಡುತ್ತಿರುತ್ತದೆ. ಕ್ಲಚ್ ಹಿಡಿದು ಆಗಾಗ ಸ್ವಲ್ಪ ಥ್ರಾಟಲ್ ಕೊಡಿ.

ಕೋಟೆ ರೋಡ್‌ಕಿಂಗ್ (ಬಳ್ಳಾರಿ)

ಕೆಳಗಿನ 0.02 ಸರಿ ಮಾಡಿಕೊಟ್ಟರು ಕಾಕಾ, ಜಗಳ ಆಗಲಿಲ್ಲ. ರಿಂಗ್ ಒಂದು 0.18 ಬಂದಿತ್ತು, ಅರೆದು 0.28ಕ್ಕೆ ತಂದೆ. ಗಾಡಿ ಸ್ಟಾರ್ಟ್ ಆಗಿದೆ. ಕಾಯಿಸಿ, ತಣ್ಣಗೆ ಮಾಡಿ, ಮತ್ತೆ ಕಾಯಿಸುತ್ತಿದ್ದೇನೆ. ಟಕಟಕ ಇಲ್ಲ. ಮ್ಯಾಗ್ನೆಟ್ ಕಡೆ ಸೀಲ್ ಕೈಯಲ್ಲೇ ಪುಡಿಯಾಯಿತು, ಸಂಡೂರಿನವರ ಅಂದಾಜು ಸರಿ.

ಗಂಗಾವತಿ ಬುಲೆಟ್

ಈಗ ನನ್ನ ಸರದಿ ಅಲ್ವಾ?

ಎರಡು ಸೈಲೆನ್ಸರ್ (ಬಳ್ಳಾರಿ)

ಬನ್ನಿ ಸಾಹೇಬ್ರೇ. ರಿಂಗ್ ತರುವ ಮುಂಚೆ ಹೊಗೆ ಯಾವಾಗ ಬರುತ್ತದೆ ನೋಡಿ. ಥ್ರಾಟಲ್ ಕೊಟ್ಟು ಎಳೆಸುವಾಗ ಬಂದರೆ ರಿಂಗು, ಬೋರು. ಥ್ರಾಟಲ್ ಬಿಟ್ಟು ಇಳಿಜಾರು ಇಳಿದು ಮತ್ತೆ ಕೊಟ್ಟಾಗ ಗುಪ್ ಅಂತ ಬಂದರೆ ವಾಲ್ವ್ ಗೈಡ್. ಕಂಪ್ರೆಷನ್ ಗೇಜ್ ಸಿಕ್ಕರೆ ಒಮ್ಮೆ ಅಳೆದು, ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಚೆನ್ನಾಗಿ ಏರಿದರೆ ರಿಂಗ್ ಹೋಗಿದೆ. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ.

ರಿಂಗೇ ಅಂತ ಆದರೆ ನಿಮ್ಮ 70 ಎಂಎಂ ಬೋರಿಗೂ ಕಾಕಾ ಹೇಳಿದ ಹಳೇ ರಿಂಗಿನ ಅಳತೆ ಮಾಡಿ, ಸವೆತ ಎಷ್ಟು ಅಂತ ಇಲ್ಲಿ ಹಾಕಿ. ಸವೆತ ಕಡಿಮೆ ಇದ್ದರೆ ರಿಂಗ್ ಸೆಟ್ ಸಾಕು. ಆಗಲೂ ಹೊಳೆಯುವ ಹಳೇ ಬೋರಿಗೆ ಹಾಗೇ ಹಾಕಿಸಬೇಡಿ, ಲೈಟಾಗಿ ಹೋನ್ ಮಾಡಿಸಿ ಗೆರೆ ತರಿಸಿ. ನಿಮ್ಮ ಬುಲೆಟ್ಟಿನಲ್ಲಿ ರಿಂಗಿಗೆ ಪಿನ್ ಇಲ್ಲ. ಬಾಯಿಗಳನ್ನು ಒಂದರ ನೇರಕ್ಕೆ ಒಂದು ಬರದಂತೆ 120 ಡಿಗ್ರಿ ಬಿಟ್ಟು ಬಿಟ್ಟು ಇಡಬೇಕು. "ಟಾಪ್" ಅಂತ ಹೊಡೆದಿರುವ ಮುಖ ಮೇಲಕ್ಕೆ. ಆಯಿಲ್ ರಿಂಗಿನ ಹಿಂದಿನ ಸಣ್ಣ ತೂತುಗಳಲ್ಲಿ ಮಸಿ ಗಟ್ಟಿಯಾಗಿರುತ್ತದೆ. ಅವನ್ನು ಬಿಡಿಸದೇ ಎಂಥ ರಿಂಗ್ ಹಾಕಿದರೂ ಹೊಗೆ ನಿಲ್ಲುವುದಿಲ್ಲ.